ದೇವಪ್ಪನ ಸೋಡಾ, ಪರಮೇಶ್ವರಿಯ ಉಪ್ಪುನೀರು

ಹೊನ್ನಾವರದಿಂದ ಭಟ್ಕಳದ ಕಡೆ ಹೋಗುವ ಲೋಕಲ್ ಬಸ್ಸು ಇಡಗುಂಜಿಗೆ ತಿರುಗುವ ಕ್ರಾಸಿಗೆ ಬಂದಾಗ ಕಂಡಕ್ಟರುಗಳು ಊರಿನ ಹೆಸರನ್ನೂ ಕೂಗುತ್ತಿರಲಿಲ್ಲ, ದೇವರ ಹೆಸರನ್ನೂ ಕೂಗುತ್ತಿರಲಿಲ್ಲ. "ದೇವಪ್ಪ ಸೋಡಾ, ದೇವಪ್ಪ ಸೋಡಾ ಇಳಿಯೋರು" ಎನ್ನುತ್ತಿದ್ದರು. ಮಹಾಗಣಪತಿಯ ದರ್ಶನಕ್ಕೆ ಮೊದಲ ಸಲ ಬಂದವರು ಗಲಿಬಿಲಿಗೊಂಡು ಪಕ್ಕದವರನ್ನು ಕೇಳಿ ಇಳಿಯುತ್ತಿದ್ದರು. ಈ ಹೆದ್ದಾರಿಯ ಉದ್ದಕ್ಕೂ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡ ದೊಡ್ಡ ಮನುಷ್ಯರ ತಂಗುದಾಣಗಳಿವೆ. ಅವುಗಳಲ್ಲಿ ಒಂದನ್ನಾದರೂ ಆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ಒಂದು ಲೋಟದ ಬಲದಿಂದ ನಿಲ್ದಾಣಕ್ಕೆ ಹೆಸರು ಹತ್ತಿಸಿದವನು ದೇವಪ್ಪ ನಾಯ್ಕ ಒಬ್ಬನೇ. ಆ ಹೆಸರನ್ನು ಅವನು ತನ್ನ ಕೈಯಾರೆ ಹೇಗೆ ಕಳೆದುಕೊಂಡ ಎಂಬುದನ್ನು ಹೇಳಲು ಕೂತಿದ್ದೇನೆ. ಸೋಡಾದ ವಿಷಯ ಬರೆಯುತ್ತಾನೆ ಎಂದು ನಗುವವರು ನಗಲಿ. ನಮ್ಮ ಜಿಲ್ಲೆಯಲ್ಲಿ ಮನುಷ್ಯರ ಮರ್ಯಾದೆ ಹೋಗುವುದು ಇಷ್ಟು ಸಣ್ಣ ವಿಷಯಗಳಲ್ಲೇ.

ದೇವಪ್ಪ ಕೆಲಸ ಕಲಿತದ್ದು ಕುಮಟಾ ಪೇಟೆಯಲ್ಲಿ, ಒಬ್ಬ ಕೊಂಕಣಿ ಯಜಮಾನರ ಸೋಡಾ ಫ್ಯಾಕ್ಟರಿಯಲ್ಲಿ. ಫ್ಯಾಕ್ಟರಿ ಎಂದರೆ ಒಂದು ಒದ್ದೆ ಕೋಣೆ, ಕೈಯಲ್ಲಿ ತಿರುಗಿಸುವ ಮಷಿನ್ನು, ಒಂದು ಗ್ಯಾಸ್ ಸಿಲಿಂಡರು. ಯಜಮಾನರು ಕಲಿಸಿದ ಮೊದಲ ಪಾಠ, ಗ್ಯಾಸು ಕರಗುವುದು ತಂಪು ನೀರಿನಲ್ಲಿ ಎಂಬುದು. ಬಿಸಿ ನೀರಿನಲ್ಲಿ ಸಕ್ಕರೆ ಬೇಗ ಕರಗುತ್ತದೆ, ಆದರೆ ಗ್ಯಾಸಿಗೆ ಬಿಸಿ ಆಗಿಬರುವುದಿಲ್ಲ, ನೀರು ಸ್ವಲ್ಪ ಬೆಚ್ಚಗಾದರೂ ಬಿಟ್ಟು ಓಡುತ್ತದೆ. ಅದಕ್ಕೇ ದೇವಪ್ಪ ಇಂದಿಗೂ ಬಾಟ್ಲಿ ತುಂಬುವುದು ಬೆಳಗು ಹರಿಯುವ ಹೊತ್ತಿಗೆ, ಕೆಂಪುಕಲ್ಲಿನ ಬಾವಿಯಿಂದ ಆಗಷ್ಟೇ ಎತ್ತಿದ ನೀರಿನಿಂದ. ಹೊತ್ತೇರಿದ ಮೇಲೆ ತುಂಬಿದ ಬಾಟ್ಲಿಯನ್ನು ಅವನು ಮದುವೆ ಮನೆಗೂ ಕೊಡುತ್ತಿರಲಿಲ್ಲ. ಕೆಲಸದಲ್ಲಿ ಅಷ್ಟು ನಿಯತ್ತಿನ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಅವಕಾಶ ಸಿಗುವುದಿಲ್ಲ.

ಆದರೆ ಜನ ಬರುತ್ತಿದ್ದದ್ದು ನೊರೆಗೆ. ಲಿಂಬೆ ಹಿಂಡಿದ ಗಾಜಿನ ಲೋಟ, ಹೆಬ್ಬೆರಳಿನಿಂದ ಗೋಲಿ ಒತ್ತಿ ಸುರಿದ ಸೋಡಾ, ಇಷ್ಟಾದ ಮೇಲೆ ದೇವಪ್ಪ ಒಂದು ಚಿಟಿಕೆ ಉಪ್ಪು ತೆಗೆದು ಕೈಯನ್ನು ತಲೆಯ ಮಟ್ಟಕ್ಕೆ ಎತ್ತುತ್ತಿದ್ದ. ಅಲ್ಲಿಂದ ಉಪ್ಪು ಬೀಳಬೇಕು. ಬಿದ್ದದ್ದೇ ತಡ, ಲೋಟದ ತಳದಿಂದ ಬಿಳಿ ನೊರೆ ಭರ್ರೆಂದು ಎದ್ದು ಅಂಚು ದಾಟಿ ಕೈಮೇಲೆಲ್ಲ ಹರಿಯುತ್ತಿತ್ತು. "ಹಿಡಿ ಹಿಡಿ, ಬಾಯಿ ಹಾಕು" ಎನ್ನುತ್ತಿದ್ದ. ಗಿರಾಕಿ ಬಗ್ಗಿ, ಕತ್ತು ಚಾಚಿ, ಸುರ್ರೆಂದು ಎಳೆದುಕೊಳ್ಳಬೇಕು. ಇಡಗುಂಜಿಯಿಂದ ಪಂಚಕಜ್ಜಾಯ ತಿಂದು ಬಾಯೆಲ್ಲ ಸಿಹಿಯಾಗಿ ಬಂದವರು ಸಾಲಾಗಿ ನಿಂತು ಇದನ್ನು ನೋಡುತ್ತಿದ್ದರು. ನೊರೆ ಎಷ್ಟು ಎತ್ತರ, ಸೋಡಾ ಅಷ್ಟು ಸ್ಟ್ರಾಂಗು ಎಂದು ಇಡೀ ಕ್ರಾಸು ನಂಬಿತ್ತು. ಎಲ್ಲರಿಗಿಂತ ಹೆಚ್ಚು ನಂಬಿದ್ದವನು ದೇವಪ್ಪ.

ಹೆದ್ದಾರಿ ಅಗಲವಾಯಿತು. ಯಾರ ಅಂಗಳ ಹೋಯಿತು, ಯಾರ ಬಾವಿ ಮುಚ್ಚಿತು ಎಂಬ ಸಂಕಟವನ್ನು ಬೇಕಾದಷ್ಟು ಸಲ ಬರೆದು ಕೈಸೋತಿದೆ. ದೇವಪ್ಪನ ಅಂಗಡಿಯ ಮುಂಭಾಗ ಹೋಗಿ ಹಿಂಭಾಗ ಉಳಿಯಿತು. ರಸ್ತೆಯ ನಡುವೆ ಸಿಮೆಂಟಿನ ಡಿವೈಡರ್ ಎದ್ದಿತು. ಅವನ ಅಂಗಡಿ ಹೊನ್ನಾವರ, ಕುಮಟಾದ ಕಡೆ ಹೋಗುವ ಬಸ್ಸು ನಿಲ್ಲುವ ಬದಿಗಾಯಿತು. ಭಟ್ಕಳದ ಕಡೆ ಹೋಗುವ ಬಸ್ಸು ನಿಲ್ಲುವುದೂ ಇಡಗುಂಜಿಯ ದಾರಿ ಬಂದು ಕೂಡುವುದೂ ಆಚೆ ಬದಿ.

ಆಚೆ ಬದಿಗೂ ತನ್ನ ಸೋಡಾ ಇರಲಿ ಎಂದು ಯೋಚಿಸಿದವನು ದೇವಪ್ಪನೇ. ಅವನ ತಮ್ಮ ತಿಮ್ಮಪ್ಪ ತೆಂಗಿನಗುಂಡಿ ಬಂದರಿನಲ್ಲಿ ಮೀನಿನ ಬೋಟಿಗೆ ಹೋಗುವವನು, ಮನೆಗೆ ಬರುವುದು ಅಪರೂಪ. ತಮ್ಮನ ಹೆಂಡತಿ ಪರಮೇಶ್ವರಿ ದೇವಪ್ಪನ ಅಂಗಡಿಯ ಹಿಂದೆ ಕೂತು ಬಾಟ್ಲಿ ತೊಳೆದುಕೊಡುತ್ತಿದ್ದಳು. ಅವಳನ್ನು ಕರೆದು, ಒಂದು ಕೈಗಾಡಿ ಇಟ್ಟುಕೋ, ಸೋಡಾ ನಾನು ತುಂಬಿ ಕಳಿಸುತ್ತೇನೆ, ಲಿಂಬೆ ಉಪ್ಪು ನಿನ್ನದು ಎಂದ. ಹಳೆಯ ಕ್ರೇಟುಗಳನ್ನೂ ಕೊಟ್ಟ. ಕ್ರೇಟಿನ ಮೇಲೆ ಅವನ ಹೆಸರೇ ಇತ್ತು. ಹೆಂಗಸು, ಅದೂ ಮಾತು ಕಡಿಮೆಯವಳು, ದಿನಕ್ಕೆ ಒಂದು ಕ್ರೇಟು ಖರ್ಚಾದರೆ ಹೆಚ್ಚು ಎಂದು ಹೆಂಡತಿ ಮಾಲಿನಿಯ ಹತ್ತಿರ ಹೇಳಿದ್ದನಂತೆ.

ಗಾಡಿ ಇಟ್ಟು ಒಂದು ಬೇಸಿಗೆ ಕಳೆಯುವುದರೊಳಗೆ ಅವಳ ಮುಂದೆ ಜನ ನಿಂತರು. ದರ್ಶನ ಮುಗಿಸಿದವರು ಮೊದಲು ಕಾಲಿಡುವುದೇ ಆ ಬದಿಗಲ್ಲವೇ ಎಂದು ದೇವಪ್ಪ ಸಮಾಧಾನ ಮಾಡಿಕೊಂಡ. ಆ ಸಮಾಧಾನ ಬಾಳಲಿಲ್ಲ. ತನ್ನ ಅಂಗಡಿಯ ನೆರಳಲ್ಲೇ ಹೊನ್ನಾವರದ ಬಸ್ಸಿಗೆ ಕಾದು ನಿಂತವರು, ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಡಿವೈಡರ್ ಹತ್ತಿಳಿದು ಆಚೆ ಹೋಗಿ ಸೋಡಾ ಕುಡಿದು ಬರತೊಡಗಿದರು. ಬಂದು ಮತ್ತೆ ಅವನ ನೆರಳಲ್ಲೇ ನಿಲ್ಲುತ್ತಿದ್ದರು, ಮೂಗು ಒರೆಸಿಕೊಳ್ಳುತ್ತ, ತೃಪ್ತಿಯಿಂದ ತೇಗುತ್ತ.

ಆ ತೇಗು ದೇವಪ್ಪನ ಎದೆಗೆ ನಾಟುತ್ತಿತ್ತು. ಬೇರೆಯವರ ಸೋಡಾ ಆಗಿದ್ದರೆ ಬೈದು ಮರೆಯಬಹುದಿತ್ತು. ಇದು ತಾನೇ ಬಾವಿಯಿಂದ ಎತ್ತಿದ ನೀರು, ತಾನೇ ತುಂಬಿದ ಗ್ಯಾಸು, ತನ್ನ ಬಾಟ್ಲಿ. ಅದೇ ಬಾಟ್ಲಿ ರಸ್ತೆ ದಾಟಿದ ಕೂಡಲೇ ಬೇರೆ ಆಗುವುದು ಹೇಗೆ? ಅವನು ಅಂಗಡಿಯ ಒಳಗಿನಿಂದ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅವಳ ಲೋಟದಲ್ಲಿ ನೊರೆಯೇ ಏಳುತ್ತಿರಲಿಲ್ಲ. ಸಪ್ಪೆ ನೀರಿನ ಹಾಗೆ ಕಾಣುವ ಲೋಟ, ಅದಕ್ಕೆ ಈ ಸಂಭ್ರಮ. ಮದ್ದು ಹಾಕುತ್ತಿರಬೇಕು ಎಂದುಕೊಂಡ. ಗಿರಾಕಿಗಳನ್ನು ನಕ್ಕು ಸೆಳೆಯುತ್ತಿರಬೇಕು ಎಂದುಕೊಂಡ, ಆದರೆ ಅವಳು ನಗುವವಳಲ್ಲ ಎಂಬುದು ಅವನಿಗೇ ಗೊತ್ತಿತ್ತು.

ಒಂದು ದಿನ ಹೊನ್ನಾವರದ ಸಂತೆಯಿಂದ ಬಂದ ಮಾಲಿನಿ ಆಚೆ ಬದಿಗೆ ಬಸ್ಸಿಳಿದಳು. ಚೀಲ ಕೆಳಗಿಟ್ಟಳು. ಪರಮೇಶ್ವರಿ ಕೊಟ್ಟ ಲೋಟವನ್ನು ತಲೆಯೆತ್ತಿ, ನಿಧಾನವಾಗಿ, ಕಣ್ಣು ಮುಚ್ಚಿಕೊಂಡು ಕುಡಿದಳು. ಮದುವೆಯಾದಾಗಿನಿಂದ ಅವಳು ತನ್ನ ಅಂಗಡಿಯಲ್ಲಿ ಹಾಗೆ ಕಣ್ಣು ಮುಚ್ಚಿ ಕುಡಿದದ್ದನ್ನು ದೇವಪ್ಪ ಕಂಡಿರಲಿಲ್ಲ. ಮನೆಗೆ ಬಂದವಳನ್ನು ಕೇಳಿದ್ದಕ್ಕೆ, ಬಾಯಾರಿತ್ತು, ಕುಡಿದೆ, ಅದೂ ನಿಮ್ಮದೇ ಸೋಡಾ ಅಲ್ಲವೇ ಎಂದಳಂತೆ. ಆ ರಾತ್ರಿ ಅವನು ಗಂಜಿ ಪೂರ್ತಿ ಉಣ್ಣಲಿಲ್ಲ.

ಮರುದಿನದಿಂದ ಅವನು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದ. ಬೆಳಗಿನ ತಂಪು ನೀರಿನ ಬಾಟ್ಲಿಗಳನ್ನು ತನಗಿಟ್ಟುಕೊಂಡ. ಬಿಸಿಲೇರಿದ ಮೇಲೆ ಟಾಕಿಯ ಬೆಚ್ಚಗಿನ ನೀರಿನಲ್ಲಿ ತುಂಬಿದ್ದನ್ನು ಪರಮೇಶ್ವರಿಗೆ ಕಳಿಸಿದ. ಅವುಗಳಲ್ಲಿ ಗ್ಯಾಸು ಅರ್ಧ ಕರಗಿದ್ದರೆ ಹೆಚ್ಚು. ಅವಳಿಗೆ ಅದು ಗೊತ್ತಾಗದೆ ಇರಲಿಲ್ಲ. ಬಾಟ್ಲಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಗಾಡಿಯ ಕೆಳಗೆ ನೆರಳಲ್ಲಿಟ್ಟಳೇ ಹೊರತು ಕೇಳಲು ಬರಲಿಲ್ಲ. ಗಿರಾಕಿಗಳು ಡಿವೈಡರ್ ಹತ್ತುವುದೂ ನಿಲ್ಲಲಿಲ್ಲ. ಅರ್ಧ ಗ್ಯಾಸಿನ ಸೋಡಾಕ್ಕೆ ತನ್ನ ಪೂರ್ತಿ ಗ್ಯಾಸಿನ ಸೋಡಾ ಸೋತದ್ದನ್ನು ನೋಡಿದ ಮೇಲೆ ದೇವಪ್ಪನಿಗೆ ಇದು ಬರೀ ವ್ಯಾಪಾರವಾಗಿ ಉಳಿಯಲಿಲ್ಲ.

ಲೋಕಲ್ ಬಸ್ಸಿನ ಕಂಡಕ್ಟರ್ ವಿನೋದ ಆ ದಾರಿಯ ಆಕಾಶವಾಣಿ. ಹೊನ್ನಾವರದಲ್ಲಿ ಅವನ ಕಿವಿಗೆ ಬಿದ್ದದ್ದು ಬಸ್ಸು ಭಟ್ಕಳ ಮುಟ್ಟುವ ಮೊದಲೇ ಭಟ್ಕಳದಲ್ಲಿರುತ್ತದೆ. ವಾಪಸು ಟ್ರಿಪ್ಪಿನಲ್ಲಿ ದೇವಪ್ಪನ ಅಂಗಡಿಗೆ ಇಳಿದಾಗ ಅವನೂ ಸುಮ್ಮನಿರಲಾರದೆ ಕೆಣಕಿದ. "ದೇವಪ್ಪಣ್ಣ, ಇನ್ಮೇಲೆ ಪರಮೇಶ್ವರಿ ಸೋಡಾ ಅಂತ ಕೂಗ್ಬೇಕಾತದೆ ಮಾರಾಯ. ಜನ ಎಲ್ಲ ಹಾಗೇ ಹೇಳ್ತ್ರು."

ದೇವಪ್ಪ ಲೋಟ ಒರೆಸುತ್ತಿದ್ದವನು ಒರೆಸುತ್ತಲೇ ಹೇಳಿದ. "ಕೂಗು. ಅದ್ಕೆಂತ. ಅವಳ ಗಂಡ ಇರೂದು ತೆಂಗಿನಗುಂಡಿ ಬೋಟಲ್ಲಿ. ಸೋಡಾ ಅಷ್ಟು ತಂಪಿರ್ಲಿಕ್ಕೆ ಐಸು ಎಲ್ಲಿಂದ ಬತ್ತದೆ ಅಂತ ಯಾರಾದ್ರೂ ಕೇಳೀರಾ?"

ನೋಡಿ, ಸುಳ್ಳು ಎಂದು ಹಿಡಿಯಲು ಇದರಲ್ಲಿ ಒಂದು ಶಬ್ದವಿಲ್ಲ. ಗಂಡ ತೆಂಗಿನಗುಂಡಿಯಲ್ಲಿದ್ದದ್ದು ನಿಜ, ಬೋಟಿನಲ್ಲಿ ಮೀನಿಗೆ ಐಸು ಹಾಕುವುದು ನಿಜ, ಉಳಿದದ್ದು ಬರೀ ಪ್ರಶ್ನೆ. ನಮ್ಮ ಕಡೆ ಮನೆ ಮುರಿಯುವವರೆಲ್ಲ ಹೀಗೆಯೇ, ಪ್ರಶ್ನೆ ಕೇಳಿ ಕೈ ತೊಳೆದುಕೊಳ್ಳುತ್ತಾರೆ. ಉತ್ತರ ಹುಡುಕುವ ಕಷ್ಟ ಬಸ್ಸಿನಲ್ಲಿ ಕೂತ ನಮ್ಮಂಥವರದ್ದು. ನಾವು ಹುಡುಕುವುದಿಲ್ಲ. ಮುಂದಿನ ಸೀಟಿಗೆ ದಾಟಿಸುತ್ತೇವೆ. ಪರಮೇಶ್ವರಿಯ ಗಾಡಿಯಲ್ಲಿ ಐಸೇ ಇರಲಿಲ್ಲ, ಒದ್ದೆ ಗೋಣಿ ಇತ್ತು. ಅದನ್ನು ಗಾಡಿಯ ಕೆಳಗೆ ಬಗ್ಗಿ ನೋಡಿದ್ದರೆ ಯಾರಿಗೂ ಕಾಣುತ್ತಿತ್ತು. ಲೋಟದ ನೊರೆಗೆ ಬಗ್ಗಿದ ಸೊಂಟಗಳು ಇದಕ್ಕೆ ಬಗ್ಗಲಿಲ್ಲ.

ಮೀನಿನ ಐಸಿನ ಸೋಡಾ ಎಂಬ ಮಾತು ಹಬ್ಬಿತು. ದರ್ಶನಕ್ಕೆ ಮಡಿಯಲ್ಲಿ ಬಂದವರು ಮೊದಲು ಕುಡಿಯುವುದು ಬಿಟ್ಟರು. ಆಮೇಲೆ ಉಳಿದವರು. ಬಸ್ಸಿನ ಕಿಟಕಿಗಳಿಂದ ಗಾಡಿಯನ್ನು ನೋಡಿ ಮೂಗು ಮುಚ್ಚಿಕೊಂಡು ನಗುವವರು ಹೆಚ್ಚಾದರು. ಪರಮೇಶ್ವರಿ ಲೋಟಗಳನ್ನು ತೊಳೆದು ಬೋರಲು ಹಾಕಿ ನಿಂತಿರುತ್ತಿದ್ದಳು.

ದೇವಪ್ಪ ತನ್ನ ಅಂಗಡಿಯ ಮುಂದೆ ನೀರು ಚಿಮುಕಿಸಿ, ಹೊಸ ಲಿಂಬೆ ತಂದಿಟ್ಟು, ಜನ ಬರುವುದನ್ನು ಕಾದ. ಬರಲಿಲ್ಲ. ಅವನು ಮರೆತ ಸಂಗತಿಯನ್ನು ಕ್ರಾಸಿನಲ್ಲಿ ಬೇರೆ ಯಾರೂ ಮರೆತಿರಲಿಲ್ಲ. ಆ ಬದಿಯ ಕ್ರೇಟಿನ ಮೇಲೆ ಇದ್ದದ್ದು ಅವನ ಹೆಸರು. ಎರಡೂ ಬದಿಯದು ಒಂದೇ ಮನೆಯ ಸೋಡಾ. ಒಬ್ಬ ಮುದುಕ ಬಸ್ಸಿಗೆ ಕಾಯುತ್ತ ಅವನ ಮುಂದೆಯೇ ಹೆಂಡತಿಗೆ, ಬೇಡವೇ, ಇವರದ್ದೆಲ್ಲ ಮೀನಿನ ಐಸಂತೆ, ಬಾಟ್ಲಿ ನೀರು ತಗೊಳ್ಳುವ ಎಂದ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮರುವಾರ. ಭಟ್ಕಳದ ಕಡೆಯಿಂದ ಬಂದ ಬಸ್ಸು ಅವನ ಅಂಗಡಿಯ ಮುಂದೆಯೇ ನಿಂತಿತು. ವಿನೋದ ಬಾಗಿಲಲ್ಲಿ ನಿಂತು ಕೂಗಿದ. "ಇಡಗುಂಜಿ ಕ್ರಾಸ್, ಇಡಗುಂಜಿ ಕ್ರಾಸ್ ಇಳಿಯೋರು."

ದೇವಪ್ಪ ಆ ದಿನ ಅಂಗಡಿಯ ಬಾಗಿಲನ್ನು ಮಧ್ಯಾಹ್ನವೇ ಹಾಕಿದ. ಖಾಲಿ ಬಾಟ್ಲಿ ತರುವ ನೆಪ ಮಾಡಿಕೊಂಡು ಡಿವೈಡರ್ ದಾಟಿದ. ಗಾಡಿ ಇಟ್ಟಾಗಿನಿಂದ ಅವನು ಆ ಬದಿಗೆ ಕಾಲಿಟ್ಟಿರಲಿಲ್ಲ. ಪರಮೇಶ್ವರಿ ಗಾಡಿಗೆ ಟಾರ್ಪಾಲು ಕಟ್ಟುತ್ತಿದ್ದಳು. ಇನ್ನು ಇಡುವುದಿಲ್ಲ, ಸಂಜೆಗೆ ಕ್ರೇಟೆಲ್ಲ ತಂದುಕೊಡುತ್ತೇನೆ ಎಂದಳು. ಬಂದ ಭಾವನನ್ನು ಹಾಗೇ ಕಳಿಸಲಿಕ್ಕಾಗದೆ ಕಟ್ಟಿದ್ದ ಹಗ್ಗ ಬಿಚ್ಚಿ ಒಂದು ಲೋಟ ತೊಳೆದಳು.

ಅವನು ಅವಳ ಕೈಯನ್ನೇ ನೋಡುತ್ತ ನಿಂತ. ಲಿಂಬೆ ಹಿಂಡಿದಳು. ಒಂದು ಹಳೆಯ ಶೀಸೆಯಿಂದ ಚಮಚದಷ್ಟು ತಿಳಿ ನೀರು ಹಾಕಿದಳು. ಲೋಟವನ್ನು ಓರೆ ಮಾಡಿ ಸೋಡಾವನ್ನು ಬದಿಯಿಂದ ಮೆಲ್ಲಗೆ ಇಳಿಸಿದಳು. ನೊರೆ ಏಳಲಿಲ್ಲ. ಅವನು ಶೀಸೆಗೆ ಕೈಹಾಕಿದ. ಇಷ್ಟು ದಿನ ಹುಡುಕಿದ ಮದ್ದು ಕೈಗೆ ಸಿಕ್ಕಿತ್ತು.

"ಎಂತದಿದು?"

"ಉಪ್ಪು, ಭಾವ."

"ಉಪ್ಪು ಹೀಗಿರ್ತದಾ?"

"ಕರಗ್ಸಿದ್ದು. ಹರಳುಪ್ಪಲ್ಲಿ ಹೊಯ್ಗೆ ಇರ್ತದಲ್ಲ, ಹಲ್ಲಿಗೆ ಸಿಕ್ತದೆ. ರಾತ್ರಿ ನೀರಿಗೆ ಹಾಕಿ ಬೆಳಿಗ್ಗೆ ತಿಳಿ ಬಸಿದುಕೊಳ್ಳೂದು. ಅಕ್ಕನೂ ಗಂಜಿಗೆ ಅದೇ ಹಾಕೂದಲ್ದಾ?"

ಹೌದು. ಕರಾವಳಿಯ ಅಡುಗೆಮನೆಗಳಲ್ಲಿ ಇವತ್ತಿಗೂ ಎಷ್ಟೋ ಕಡೆ ಹರಳುಪ್ಪನ್ನು ಕರಗಿಸಿ, ಮರಳು, ಕಸ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಳಸುತ್ತಾರೆ. ದೇವಪ್ಪನ ಮನೆಯಲ್ಲೂ ಒಲೆಯ ಮೇಲಿನ ಹಲಗೆಯಲ್ಲಿ ಅಂಥದೇ ಒಂದು ಶೀಸೆ ಮದುವೆಯಾದಾಗಿನಿಂದ ಇತ್ತು. ಅದರ ಉಪ್ಪನ್ನು ಅವನು ದಿನಾ ಉಂಡಿದ್ದ. ಶೀಸೆಯನ್ನು ನೋಡಿರಲಿಲ್ಲ. ಗಂಡಸರು ಅಡುಗೆಮನೆಯ ಹಲಗೆ ನೋಡುವುದು ಉಪ್ಪು ಕಡಿಮೆಯಾದಾಗ ಮಾತ್ರ.

ನೊರೆ ಯಾಕಿಲ್ಲ ಎಂದು ಕೇಳಿದ. ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಉಪ್ಪಿನ ಹರಳು ಹಾಕಿದರೆ ಉಕ್ಕುತ್ತದೆ, ಉಪ್ಪುನೀರು ಹಾಕಿದರೆ ಉಕ್ಕುವುದಿಲ್ಲ, ಅಷ್ಟೇ ಗೊತ್ತು ಎಂದಳು. ಉಕ್ಕಿದರೆ ಹೆಂಗಸರ ಸೀರೆ ಒದ್ದೆಯಾಗುತ್ತದೆ, ರಸ್ತೆಯಲ್ಲಿ ನಿಂತು ಬಗ್ಗಿ ಸುರ್ರೆನ್ನಲು ಅವರಿಗೆ ನಾಚಿಕೆ, ಅದಕ್ಕೆ ಹೀಗೆ ಮಾಡಿದೆ ಎಂದಳು.

ದೇವಪ್ಪ ಕುಡಿದ. ಗಂಟಲಿಗೆ ಸೂಜಿ ಚುಚ್ಚಿದ ಹಾಗಾಯಿತು. ಮೂಗಿಗೆ ಏರಿತು, ಕಣ್ಣಲ್ಲಿ ನೀರು ಬಂತು. ತಾನೇ ಬೇಕೆಂದೇ ಅರ್ಧ ಗ್ಯಾಸು ತುಂಬಿ ಕಳಿಸಿದ ಬಾಟ್ಲಿ ಅದು.

ಇದರಲ್ಲಿ ಮಂತ್ರವಿಲ್ಲ. ಗ್ಯಾಸು ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದೆ ಕೂತಿರುತ್ತದೆ. ಗುಳ್ಳೆಯಾಗಿ ಹೊರಡಲು ಅದಕ್ಕೆ ಕಾಲೂರುವ ಒಂದು ಜಾಗ ಬೇಕು. ಉಪ್ಪಿನ ಹರಳಿನ ಮೈತುಂಬ ಅಂಥ ಸಂದುಗೊಂದುಗಳು. ಹರಳು ಬಿದ್ದ ಕೂಡಲೇ ಗ್ಯಾಸೆಲ್ಲ ಅದನ್ನು ಮುತ್ತಿ, ಗುಳ್ಳೆ ಕಟ್ಟಿ, ಗುಂಪಾಗಿ ಮೇಲೆದ್ದು ಗಾಳಿಗೆ ಹಾರುತ್ತದೆ. ಮೊದಲೇ ಕರಗಿದ ಉಪ್ಪಿಗೆ ಅಂಚಿಲ್ಲ, ಮೂಲೆಯಿಲ್ಲ. ಗ್ಯಾಸು ಅಲ್ಲೇ ಉಳಿದು ಕುಡಿದವನ ಗಂಟಲಲ್ಲಿ ಏಳುತ್ತದೆ. ಇಷ್ಟು ಕಾಲ ದೇವಪ್ಪ ಜನರಿಗೆ ಗ್ಯಾಸು ಹಾರಿಹೋಗುವ ಆಟ ತೋರಿಸಿ, ಅದು ಹೋದ ಮೇಲೆ ಉಳಿದ ನೀರನ್ನು ಕುಡಿಸಿದ್ದ. ಅವನಿಗೆ ಇಷ್ಟೆಲ್ಲ ಬಿಡಿಸಿ ಹೇಳಬೇಕಾಗಲಿಲ್ಲ. ಬೆಳಗಿನ ಚಳಿಯಲ್ಲಿ ನೀರಿಗೆ ಗ್ಯಾಸು ಇಳಿಸಲು ಪಟ್ಟ ಕಷ್ಟ ಗೊತ್ತಿದ್ದವನಿಗೆ, ಅದನ್ನು ಒಂದು ಚಿಟಿಕೆ ಉಪ್ಪಿನಿಂದ ತಾನೇ ಓಡಿಸುತ್ತಿದ್ದೆ ಎಂಬುದು ಲೋಟ ಕೆಳಗಿಡುವ ಮೊದಲೇ ತಿಳಿದಿತ್ತು.

ಆಗಲಾದರೂ ಹೊಟ್ಟೆಕಿಚ್ಚು ಇಳಿಯಿತು ಎಂದು ನಾನು ಬರೆದರೆ ನೀವು ನಂಬಬೇಡಿ. ಅವನು ಖಾಲಿ ಲೋಟ ಇಟ್ಟು ಹೇಳಿದ್ದು, "ಉಪ್ಪು ಒಂಚೂರು ಹೆಚ್ಚಾತು."

ಪರಮೇಶ್ವರಿ ಟಾರ್ಪಾಲಿನ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. "ಐಸಿನ ಮಾತು ಎಲ್ಲಿಂದ ಹೊರಟಿದ್ದು ಅಂತ ನಂಗೆ ಗೊತ್ತದೆ, ಭಾವ. ವಿನೋದನೇ ಹೇಳ್ದ. ಬಾಟ್ಲಿ ಬಿಸಿ ನೀರಿಂದು ಬಂದಾಗ್ಲೂ ಗೊತ್ತಾಗಿತ್ತು. ನಾ ನಿಮ್ಮ ತಮ್ಮನಿಗೂ ಹೇಳ್ಲಿಲ್ಲ."

ದೇವಪ್ಪ ರಸ್ತೆಯ ಕಡೆ ನೋಡಿದ.

"ಈಗ ಹೊನ್ನಾವರದಿಂದ ಬಸ್ಸು ಬತ್ತದೆ" ಎಂದಳು. "ಇನ್ನೊಂದು ಲೋಟ ಮಾಡ್ತೆ. ಬಸ್ಸು ನಿಂತಾಗ ಕುಡೀರಿ. ಆಚೆ ತಿರುಗಿ ಅಲ್ಲ, ಬಸ್ಸಿಗೆ ಮುಖ ಮಾಡಿ."

ಅವಳು ಕೇಳಿದ್ದು ಅಷ್ಟೇ. ಕ್ಷಮೆ ಕೇಳು ಎಂದಿದ್ದರೆ ಅವನು ಹಿರಿಯನೆಂಬ ಗತ್ತಿನಿಂದ ಸಿಟ್ಟು ಮಾಡಿಕೊಂಡು ಹೊರಟುಬಿಡಬಹುದಿತ್ತು. ಕುಡಿಯಿರಿ ಎಂದವಳ ಮೇಲೆ ಸಿಟ್ಟು ಮಾಡುವುದು ಹೇಗೆ?

ಬಸ್ಸು ಬಂತು, ಕಿಟಕಿಗಳ ತುಂಬ ಮುಖ. ವಿನೋದ ಬಾಗಿಲಲ್ಲಿ ಜೋತಾಡುತ್ತ ಬಂದವನು ಗಾಡಿಯ ಮುಂದೆ ದೇವಪ್ಪನನ್ನು ಕಂಡು ಸೀಟಿ ಊದುವುದನ್ನೇ ಮರೆತ. ದೇವಪ್ಪ ಲೋಟವೆತ್ತಿ ಕುಡಿದ. ಅರ್ಧಕ್ಕೆ ನಿಲ್ಲಿಸಿ ಉಸಿರೆಳೆದುಕೊಂಡು ಮತ್ತೆ ಕುಡಿದ.

"ದೇವಪ್ಪಣ್ಣ, ಐಸು ಹೆಂಗದೆ?" ಎಂದ ವಿನೋದ. ಬಸ್ಸಿನೊಳಗೆ ನಾಲ್ಕು ಜನ ನಕ್ಕರು.

ಅವನು ಬಾಯಿ ಒರೆಸಿಕೊಂಡ. ಈ ಒಂದು ಘಳಿಗೆಯಲ್ಲಿ ಅವನು ಇನ್ನೊಂದು ಪ್ರಶ್ನೆ ಕೇಳಿ ಜಾರಿಕೊಳ್ಳಬಹುದಿತ್ತು. ಆ ವಿದ್ಯೆ ಅವನಿಗೆ ಬರುತ್ತಿತ್ತು. "ಐಸಿಲ್ಲ. ಯಾವತ್ತೂ ಇರ್ಲಿಲ್ಲ. ಹೊಟ್ಟೆಕಿಚ್ಚಿಗೆ ನಾನೇ ಹುಟ್ಸಿದ ಮಾತು. ಇದನ್ನೂ ಕೂಗ್ಕೊಂಡು ಹೋಗು."

ವಿನೋದ ಸೀಟಿ ಊದಿದ. ಬಸ್ಸು ಹೊರಟಿತು. ಆ ಮಾತು ಭಟ್ಕಳ ಮುಟ್ಟಲು ಮೊದಲಿನ ಮಾತಿಗಿಂತ ಬಹಳ ತಡವಾಯಿತು ಎಂಬುದನ್ನೂ ಬರೆದಿಡಬೇಕು. ಒಬ್ಬಳ ಮೇಲೆ ಕೆಸರು ಹಾರಿಸುವ ಮಾತಿಗೆ ಎಕ್ಸ್‌ಪ್ರೆಸ್ ಬಸ್ಸು, ತೊಳೆಯುವ ಮಾತಿಗೆ ಎತ್ತಿನಗಾಡಿ. ಹೀಗಾಗಿ ದೇವಪ್ಪ ದಿನಾ ಸಂಜೆ ಬಸ್ಸಿನ ಹೊತ್ತಿಗೆ ಆಚೆ ಬದಿಗೆ ಹೋಗಿ ನಿಂತು ಕುಡಿದ, ಜನ ಮತ್ತೆ ಗಾಡಿಯ ಮುಂದೆ ಇಳಿಯುವವರೆಗೂ. ಬೆಳಗಿನ ನೀರಿನ ಬಾಟ್ಲಿ ಈಗ ಎರಡೂ ಬದಿಗೆ ಹೋಗುತ್ತದೆ.

ನಿಲ್ದಾಣದ ಹೆಸರು ಮಾತ್ರ ತಿರುಗಿ ಬರಲಿಲ್ಲ. ವಿನೋದ ಈಗ ಬರೀ "ಸೋಡಾ, ಸೋಡಾ ಇಳಿಯೋರು" ಎನ್ನುತ್ತಾನೆ. ಯಾರ ಸೋಡಾ ಎಂದು ಹೇಳುವುದಿಲ್ಲ. ಬಸ್ಸು ನಿಂತಾಗಲೆಲ್ಲ ದೇವಪ್ಪನ ಕೈ ಒಂದು ಕ್ಷಣ ನಿಲ್ಲುವುದನ್ನು ಅಂಗಡಿಯಲ್ಲಿ ಕೂತ ಯಾರೂ ನೋಡಬಹುದು.

ಅವನೂ ಉಪ್ಪುನೀರಿನ ಶೀಸೆ ಇಟ್ಟುಕೊಂಡಿದ್ದಾನೆ. ಆದರೆ ಹಳೆಯ ಗಿರಾಕಿಗಳು, ಎಂತ ದೇವಪ್ಪ, ನೊರೆ ಬರುವುದಿಲ್ಲ, ಸೋಡಾ ಸತ್ತಿದೆಯಾ ಎಂದು ಗದರುತ್ತಾರೆ. ಮೊಬೈಲು ಹಿಡಿದ ಹುಡುಗರಿಗಂತೂ ನೊರೆಯೇ ಬೇಕು, ಕುಡಿಯುವುದು ಆಮೇಲಿನ ಮಾತು. ಅವರಿಗಾಗಿ ಅವನು ಇನ್ನೂ ಕೈಯನ್ನು ತಲೆಯ ಮಟ್ಟಕ್ಕೆ ಎತ್ತುತ್ತಾನೆ. ನೊರೆ ಉಕ್ಕುವಾಗ ಈಗ ಅವನು ಆ ಕಡೆ ನೋಡುವುದಿಲ್ಲ.

ಮೊನ್ನೆ ಮಾಲಿನಿ ಸಂತೆಯಿಂದ ಬಂದು ಮತ್ತೆ ಆಚೆ ಬದಿಯಲ್ಲೇ ನಿಂತು ಕುಡಿದು ಬಂದಳು. ಅವನಿಗೆ ತಡೆಯಲಾಗಲಿಲ್ಲ. ಅದೇ ನೀರು, ಅದೇ ಗ್ಯಾಸು, ಉಪ್ಪೂ ಈಗ ಅದೇ, ಮತ್ತೆ ಇನ್ನೇನು ವ್ಯತ್ಯಾಸ ಎಂದು ಕೇಳಿದ.

"ಅಲ್ಲಿ ನಾಲ್ಕು ಮಾತಾಡ್ಲಿಕ್ಕಾತದೆ" ಎಂದಳು ಮಾಲಿನಿ, ಚೀಲದಿಂದ ತರಕಾರಿ ತೆಗೆಯುತ್ತ.

"ಎಂತ ಮಾತು?"

"ಎಂತ ಅಂದ್ರೆ. ನಿಮ್ಮ ಮಾತೇ."

ಅಂದಿನಿಂದ ದೇವಪ್ಪ ರಸ್ತೆಯಾಚೆಯ ಲೋಟಗಳನ್ನು ನೋಡುವುದು ಬಿಟ್ಟಿದ್ದಾನೆ. ಇಬ್ಬರೂ ಹೆಂಗಸರು ಗಾಡಿಯ ಹತ್ತಿರ ನಿಂತಾಗ ಅವರ ತುಟಿಗಳನ್ನು ನೋಡುತ್ತಾನೆ. ನಡುವೆ ಲಾರಿಗಳು ಓಡುತ್ತಲೇ ಇರುತ್ತವೆ. ಒಂದು ಶಬ್ದವೂ ಕೇಳಿಸುವುದಿಲ್ಲ.